ಮರಳಿನ ದಣಿವು

ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಎರಡು ವಾರ ನಮ್ಮೂರಿನ ಮೇಲಧಿಕಾರಿಗಳು ಗೋಡೆ ಹಿಡಿದುಕೊಂಡು ನಡೆಯುತ್ತಾರೆ. ಬಸ್ಸಿನಲ್ಲಿ ಕಂಡಕ್ಟರು ಅವರನ್ನು ಕಂಡ ಕೂಡಲೇ ಯಾರನ್ನಾದರೂ ಎಬ್ಬಿಸಿ ಸೀಟು ಕೊಡಿಸುತ್ತಾನೆ. "ಇವತ್ತು ಯಾರನ್ನ ಹೊತ್ತಿದ್ದೀರಿ ಸಾರ್?" ಎಂದು ವಿಚಾರಿಸುವುದು ಆ ದಿನಗಳಲ್ಲಿ ಊಟ ಆಯಿತೇ ಎಂದು ಕೇಳಿದಷ್ಟೇ ಸಹಜ. ಹೆಡ್‌ಮಾಸ್ಟರ ಗಂಟಲು ಕಟ್ಟಿ ಮಾತೇ ಹೊರಡದಿದ್ದರೆ, ಅವರು ಅಂದು ಒಂದನೇ ತರಗತಿಯ ಮೇಡಮ್ಮಿನ ಹಾಳೆ ಬರೆಯುತ್ತಿದ್ದಾರೆಂದು ಮಕ್ಕಳಿಗೂ ತಿಳಿಯುತ್ತದೆ. ಬಟ್ಟೆ ಅಂಗಡಿಯ ಮಾಲೀಕರು ಕಣ್ಣಿಗೆ ಒದ್ದೆ ಕರವಸ್ತ್ರ ಹಾಕಿಕೊಂಡು ಕುರ್ಚಿಗೆ ಒರಗಿದ್ದರೆ, ಒಳಗೆ ಕಾಜಾ ಹೊಲಿಯುವ ಮುದುಕ "ಇವತ್ತು ನಂದು" ಎಂದು ನಾಚಿಕೊಂಡು ಹೇಳುತ್ತಾನೆ.

ಕ್ರಮ ಸರಳ. ಬೆಳಿಗ್ಗೆ ಆಫೀಸಿಗೆ ಬಂದು ಕೈಕೆಳಗಿನ ಒಬ್ಬರ ಹೆಸರನ್ನು ವರ್ಷದ ಹಾಳೆಯ ಮೇಲೆ ಬರೆದರೆ ಸಾಕು. ಶಾಯಿ ಒಣಗುವಷ್ಟರಲ್ಲಿ, ಆ ವ್ಯಕ್ತಿ ವರ್ಷವಿಡೀ ಕೆಲಸದಲ್ಲಿ ಪಟ್ಟ ದಣಿವು ಬರೆದವರ ಮೈಗೆ ಬರುತ್ತದೆ. ಮಾರನೆಯ ದಿನ ಏಳುವಷ್ಟರಲ್ಲಿ ಹೊರಟುಹೋಗಿರುತ್ತದೆ. ದಣಿವು ಮಾತ್ರ ಬರುತ್ತದೆ, ಕೈಗುಣ ಬರುವುದಿಲ್ಲ. ಅದೂ ಕೆಲಸದ ಜಾಗದಲ್ಲಿ ಆದ ದಣಿವಷ್ಟೇ, ಮನೆಯದ್ದು ಲೆಕ್ಕಕ್ಕಿಲ್ಲ. ಇದ್ದಿದ್ದರೆ ಊರಿನ ಹೆಂಗಸರೆಲ್ಲ ಎಂದೋ ಮೇಲಧಿಕಾರಿಗಳಾಗಿರುತ್ತಿದ್ದರು ಎನ್ನುತ್ತಾಳೆ ನಮ್ಮಮ್ಮ. ಸಂಜೆಯೊಳಗೆ ಹಾಳೆಯ ಕೆಳಗಿರುವ ಚೌಕದಲ್ಲಿ ಮೂರು ಮಾತಿನಲ್ಲಿ ಒಂದನ್ನು ಬರೆಯಬೇಕು: ನಿಂತಿದ್ದೆ, ಕುಳಿತೆ, ಮಲಗಿದೆ. 'ಮಲಗಿದೆ' ಎಂದರೆ ಕೆಲಸಗಾರನಿಗೆ ಹೆಮ್ಮೆ, ಬಡ್ತಿಗೆ ದಾರಿ. 'ಕುಳಿತೆ' ಎಂದರೆ ತೊಂದರೆಯಿಲ್ಲ. ಮೂರು ವರ್ಷ ಒಂದೇ ಸಮನೆ 'ನಿಂತಿದ್ದೆ' ಬಂದರೆ, ಮಾಡುತ್ತಿರುವ ಕೆಲಸ ಬಿಟ್ಟು ಗೋಡೌನಿಗೆ ಹೋಗಿ ಹಳೆಯ ನೀರಿನ ಮೀಟರುಗಳ ತುಕ್ಕು ಉಜ್ಜಬೇಕು. ಸುಳ್ಳು ಬರೆಯುವ ಪ್ರಶ್ನೆಯೇ ಇಲ್ಲ. ನೀವು ನಿಂತಿದ್ದಿರೋ ಮಲಗಿದ್ದಿರೋ ಇಡೀ ಆಫೀಸು ನೋಡಿರುತ್ತದೆ.

ಮುಖ ನೋಡಿ, ಜಾತಿ ನೋಡಿ, ನಮಸ್ಕಾರದ ಆಳ ನೋಡಿ ಅಂಕ ಕೊಡುವಂತಿಲ್ಲ. ಮೈಗೆ ಬಂದದ್ದನ್ನು ಬರೆಯಬೇಕು. ಇದಕ್ಕಿಂತ ನ್ಯಾಯವಾದ ಪದ್ಧತಿ ಇರಲಾರದೆಂದು ನಾನೂ ನಂಬಿದ್ದೆ.

ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿದವಳು. ಹನ್ನೊಂದು ವರ್ಷ ನೀರು ಸರಬರಾಜು ಕಚೇರಿಯ ಪರೀಕ್ಷಾ ಕೋಣೆಯಲ್ಲಿ ಒಬ್ಬಳೇ ಕುಳಿತು ನೀರಿನಲ್ಲಿರುವ ಕ್ಲೋರಿನ್ ಅಳೆದಿದ್ದೇನೆ. ಹೋದ ವರ್ಷ ನನ್ನನ್ನು ಸೋರಿಕೆ ವಿಭಾಗದ ಮುಖ್ಯಸ್ಥೆಯನ್ನಾಗಿ ಮಾಡಿದರು. ಕೈಕೆಳಗೆ ಹತ್ತು ಜನ. ಅಂದರೆ ಮಾರ್ಚ್ ಬಂದಾಗ ಹತ್ತು ಹಾಳೆ, ಹತ್ತು ದಿನ. ಅಳೆಯುವ ಚಟ ಬಿಡಲಿಲ್ಲ, ಒಂದು ನೋಟ್‌ಬುಕ್ ಇಟ್ಟೆ. ಗಂಟೆಗೊಮ್ಮೆ ನಾಡಿ ಬಡಿತ, ನೋವು ಮೈಯ ಯಾವ ಜಾಗದಲ್ಲಿ, ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ಕುಳಿತೆ. ಪುಟಕ್ಕೊಂದು ಮನುಷ್ಯಾಕೃತಿ ಬರೆದು, ನೋವಿರುವ ಕಡೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆ. ಯಾರೂ ಹೇಳಿದ್ದಲ್ಲ. ತಿಳಿದುಕೊಳ್ಳುವ ಕುತೂಹಲ, ಅಷ್ಟೆ.

ನಮ್ಮೂರು ಇಳಿಜಾರಿನಲ್ಲಿದೆ. ನೆಲದೊಳಗಿನ ಪೈಪುಗಳು ಅಜ್ಜಂದಿರ ಕಾಲದವು. ಎಲ್ಲಿ ಒಡೆದು ನೀರು ಸೋರುತ್ತಿದೆಯೆಂದು ಮೇಲಿನಿಂದ ಕಾಣುವುದಿಲ್ಲ, ಕೇಳಿಸಿಕೊಳ್ಳಬೇಕು. ಅದಕ್ಕಾಗಿ ಎದೆಯೆತ್ತರದ ಒಂದು ಕಬ್ಬಿಣದ ಸಲಾಕೆ ಇದೆ, ನಮ್ಮಲ್ಲಿ ಕಿವಿಕೋಲು ಎನ್ನುತ್ತಾರೆ. ಒಂದು ತುದಿಯನ್ನು ನೆಲಕ್ಕೆ ಊರಿ, ಮರದ ಬಟ್ಟಲಿರುವ ಇನ್ನೊಂದು ತುದಿಗೆ ಬಗ್ಗಿ ಕಿವಿ ಕೊಟ್ಟರೆ ನೀರು ಹರಿಯುವ ಸದ್ದು ಕೇಳುತ್ತದೆ. ಸೋರುವ ಕಡೆ ಅದು ಬೇರೆ ಥರ ಕೇಳುತ್ತದಂತೆ. ಕೋಲಿನವರು ಗುರುತು ಹಾಕಿದ ಕಡೆ ಅಗೆಯುವವರು ಗುಂಡಿ ತೋಡುತ್ತಾರೆ. ವಿಭಾಗದಲ್ಲಿ ಇದ್ದದ್ದು ಎರಡೇ ಕೋಲು. ಒಂದು ದೊರೆಸ್ವಾಮಿಯ ಕೈಯಲ್ಲಿ, ಇನ್ನೊಂದು ಚೆಲುವಮ್ಮನ ಕೈಯಲ್ಲಿ.

ದೊರೆಸ್ವಾಮಿಯ ಹೆಸರು ಬರೆದದ್ದು ನಾಲ್ಕನೆಯ ದಿನ. ಪೆನ್ನಿನ ಮುಚ್ಚಳ ಹಾಕುವ ಮೊದಲೇ ಭುಜಗಳು ಕೆಳಗಿಳಿದವು. ಅರ್ಧ ಗಂಟೆಯಲ್ಲಿ ಅಂಗೈ ಉರಿ, ಸೊಂಟದಲ್ಲಿ ಕಲ್ಲು ಕಟ್ಟಿದ ಭಾರ. ಹತ್ತೂವರೆಗೆ ಬೆಂಚಿನ ಮೇಲೆ ಮಲಗಿದೆ. ಹನ್ನೆರಡಕ್ಕೆ ಇಬ್ಬರು ಸೇರಿ ಆಟೋ ಹತ್ತಿಸಿ ಮನೆಗೆ ಕಳಿಸಿದರು. ಅಮ್ಮ ಬಾಗಿಲಲ್ಲೇ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದಳು.

"ಇವತ್ತು ಯಾರದ್ದೇ ಇದು?"

"ದೊರೆಸ್ವಾಮೀದು."

"ಪಾಪ, ಮನುಷ್ಯನೋ ಎತ್ತೋ! ಬೋರಲು ಮಲಕ್ಕೊ."

ಸಂಜೆ ದೊರೆಸ್ವಾಮಿಯೇ ಎರಡು ಎಳನೀರು ಹಿಡಿದು ನೋಡಲು ಬಂದ. ಐವತ್ತು ದಾಟಿದ ಗಟ್ಟಿ ಆಳು. ಮಾತನಾಡುವಾಗ ಬಲಗಿವಿಯನ್ನು ಸ್ವಲ್ಪ ಮುಂದೆ ತರುವ ಅಭ್ಯಾಸ. ನಾನು ಹಾಸಿಗೆಯಿಂದ ತಲೆಯೆತ್ತಲಾರದೆ ಇದ್ದದ್ದನ್ನು ಕಂಡು ಅವನ ಮುಖ ಅರಳಿತು, ಅರಳಿದ್ದು ಗೊತ್ತಾಗಬಾರದೆಂದು ಕೆಮ್ಮಿದ.

"ಭಾಳ ತೊಂದ್ರೆ ಕೊಟ್ಟೆ ಮೇಡಂ ನಿಮಗೆ."

"ಇದನ್ನೆಲ್ಲ ವರ್ಷವಿಡೀ ಹ್ಯಾಗೆ ತಡ್ಕೋತೀರಿ ದೊರೆಸ್ವಾಮಿ?"

"ಗುಂಡಿ ಮೇಡಂ. ತೋಡಿದಷ್ಟೂ ಇರುತ್ವೆ. ನಾನು ಅಗೆಯೋವ್ರ ಜೊತೆ ಹಾರೆ ಹಿಡೀತೀನಿ, ಸುಮ್ನೆ ನಿಂತ್ಕೊಳ್ಳೋನಲ್ಲ."

ಅದು ನಿಜವೆಂದು ನನ್ನ ಸೊಂಟಕ್ಕೆ ಗೊತ್ತಿತ್ತು. ಮಲಗಿಕೊಂಡೇ ಚೌಕದಲ್ಲಿ 'ಮಲಗಿದೆ' ಎಂದು ಬರೆದೆ.

ಮಾರನೆಯ ದಿನ ಕಾಳಯ್ಯ ಒಂದು ಅರ್ಜಿ ತಂದುಕೊಟ್ಟ. ಅವನು ಚೆಲುವಮ್ಮನ ಜೊತೆ ಗುಂಡಿ ಅಗೆಯುವವನು. ತನ್ನನ್ನು ದೊರೆಸ್ವಾಮಿಯ ತಂಡಕ್ಕೆ ಹಾಕಬೇಕೆಂದು ಬರೆಸಿಕೊಂಡು ಬಂದಿದ್ದ.

"ಯಾಕೆ, ಚೆಲುವಮ್ಮ ಬೈತಾರಾ?"

"ಥೂ, ಬುಡ್ತು ಅನ್ನಿ. ಅವಕ್ಕ ಬಯ್ಯೋದಿರ್ಲಿ, ನನ್ನ ಬೆನ್ನು ಉಳಿದಿರೋದೇ ಅವಕ್ಕನಿಂದ."

"ಮತ್ತೆ?"

"ಬೆನ್ನು ಉಳೀತದೆ ಮೇಡಮ್ಮೋರೆ, ಹಾಳೆ ಉಳಿಯಲ್ವಲ್ಲ. ಅವಕ್ಕ ಕೋಲಿಟ್ಟು 'ಇಲ್ಲಿ' ಅಂತದೆ, ನಾನು ಅಗೀತೀನಿ, ಅಲ್ಲೇ ಇರ್ತದೆ. ಹೋದ್ಸಲ ಹಿಂದಿನ ಸಾಹೇಬ್ರು ನನ್ನ ಹೆಸ್ರು ಬರ್ಕೊಂಡು ಸಂಜೆ ಶಟ್ಲ್ ಆಡಕ್ಕೋದ್ರಂತೆ. ಊರೋರೆಲ್ಲ ನೋಡವ್ರೆ. ನಿಂತಿದ್ದೆ ಅಲ್ಲ, ಹಾರಾಡ್ದೆ ಅಂತಾನೇ ಬರೀಬೇಕಿತ್ತು."

ನಕ್ಕುಬಿಟ್ಟೆ. ಅವನು ನಗಲಿಲ್ಲ. ಅರ್ಜಿ ತೆಗೆದಿಟ್ಟುಕೊಂಡೆ. ಆದರೆ ಅವನು ಹೋದಮೇಲೆ ರಿಜಿಸ್ಟರು ತೆರೆದು ಕುಳಿತೆ. ಎಲ್ಲಿ ಗುಂಡಿ ತೋಡಿದರು, ಎಲ್ಲಿ ಸೋರಿಕೆ ಸಿಕ್ಕಿತು ಎಂಬುದನ್ನು ನಾವು ದಿನವೂ ಬರೆದಿಡುತ್ತೇವೆ, ಬರೆದಿಟ್ಟದ್ದನ್ನು ಯಾರೂ ಕೂಡಿ ನೋಡಿರಲಿಲ್ಲ. ದೊರೆಸ್ವಾಮಿ: ಸೋರಿಕೆ ನಲವತ್ತು, ಗುಂಡಿ ಇನ್ನೂರ ಹನ್ನೆರಡು. ಚೆಲುವಮ್ಮ: ಸೋರಿಕೆ ಅರವತ್ತೊಂದು, ಗುಂಡಿ ಅರವತ್ತಮೂರು. ತಪ್ಪಿರಬಹುದೆಂದು ಇನ್ನೊಮ್ಮೆ ಕೂಡಿದೆ. ತಪ್ಪಿರಲಿಲ್ಲ.

ಚೆಲುವಮ್ಮನ ಹಳೆಯ ಹಾಳೆಗಳನ್ನೂ ತೆಗೆಸಿದೆ. ಹಿಂದಿನ ಎರಡು ವರ್ಷವೂ ಆಗಿನ ಮುಖ್ಯಸ್ಥರ ಕೈಬರಹದಲ್ಲಿ ಒಂದೇ ಮಾತು: ನಿಂತಿದ್ದೆ. ಈ ಸಲವೂ ಅದೇ ಆದರೆ ಆಕೆಯ ಕೋಲು ಹೋಗುತ್ತದೆ. ಅಂಥ ಕಿವಿಯ ಹೆಂಗಸು ಗೋಡೌನಿನಲ್ಲಿ ಕುಳಿತು ತುಕ್ಕು ಉಜ್ಜುತ್ತಾಳೆ. ಅದನ್ನು ಮಾಡುವ ಕೈ ನನ್ನದಾಗಿರುತ್ತದೆ.

ಆಕೆಯ ಹೆಸರನ್ನು ಕೊನೆಯ ದಿನಕ್ಕೆ ಉಳಿಸಿಕೊಂಡೆ. ಉಳಿಸಿಕೊಂಡರೆ ಏನಾದರೂ ಹೊಳೆಯಬಹುದೆಂಬ ಆಸೆ. ಏನೂ ಹೊಳೆಯಲಿಲ್ಲ. ಹತ್ತನೆಯ ಬೆಳಿಗ್ಗೆ 'ಚೆಲುವಮ್ಮ' ಎಂದು ಬರೆದು, ಶಾಯಿ ಒಣಗುವುದನ್ನು ನೋಡುತ್ತ, ಏನೂ ಆಗದಿರುವುದನ್ನು ಕಾಯುತ್ತ ನಿಂತೆ.

ಆದರೆ ಆಯಿತು. ಮೊದಲು ಮೀನಖಂಡ ಬಿಗಿಯಿತು. ಆಮೇಲೆ ಮಂಡಿ, ಎಡಭುಜ. ಹನ್ನೊಂದು ಗಂಟೆಗೆ ನಿಲ್ಲಲು ಸಾಧ್ಯವೇ ಆಗದೆ ಕುರ್ಚಿ ಎಳೆದುಕೊಂಡೆ. ಕಿಟಕಿಯಾಚೆ ಇಬ್ಬರು ಗುಮಾಸ್ತರು ಇಣುಕಿ, "ಕೂತ್ರು, ಕೂತ್ರು" ಎಂದು ಪಿಸುಗುಟ್ಟಿದ್ದು ಕೇಳಿಸಿತು. ನನಗೂ ಎಷ್ಟು ಸಂತೋಷವಾಯಿತೆಂದರೆ ನೋವಿನಲ್ಲೇ ನಕ್ಕೆ. ಕುಳಿತೆ! ಕೋಲು ಉಳಿಯಿತು. ಸುಳ್ಳಿಲ್ಲ, ದಯೆಯಿಲ್ಲ, ಮೈಗೆ ಬಂದದ್ದು.

ಚೌಕದಲ್ಲಿ ಬರೆಯುವ ಮೊದಲು ಅಭ್ಯಾಸದಂತೆ ನೋಟ್‌ಬುಕ್ ತೆಗೆದು ಮನುಷ್ಯಾಕೃತಿ ಬರೆದೆ. ನೋವಿನ ಗೆರೆ ಎಳೆದಂತೆ ಪೆನ್ಸಿಲು ನಿಧಾನವಾಯಿತು. ದಿನವಿಡೀ ಬಗ್ಗಿ ಕಿವಿ ಕೊಡುವವಳ ನೋವು ಕತ್ತಿನಲ್ಲಿರಬೇಕು. ಕತ್ತು ಹಗುರವಾಗಿತ್ತು. ಕೋಲು ಹಿಡಿಯುವ ಮಣಿಕಟ್ಟಿನಲ್ಲೂ ಏನೂ ಇಲ್ಲ. ನೋವೆಲ್ಲ ಹತ್ತುವವರ ನೋವು, ಹೊರುವವರ ನೋವು. ಜೊತೆಗೆ ಬಲ ಸೊಂಟದಲ್ಲಿ, ಬೆರಳಿಟ್ಟು ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿ, ಬಟ್ಟೆ ಹಿಂಡಿದಂಥ ಒಂದು ತಿರುಚು. ಇದು ಯಾವ ಕೆಲಸದ್ದು?

ಹಾಳೆಯನ್ನು ಚೀಲದಲ್ಲಿಟ್ಟುಕೊಂಡು, ಕುಂಟುತ್ತ, ಚೆಲುವಮ್ಮ ಅಂದು ಕೆಲಸ ಮಾಡುತ್ತಿದ್ದ ಗಾಣಿಗರ ಬೀದಿಗೆ ಹೋದೆ. ಆಕೆ ರಸ್ತೆಯ ಮಧ್ಯೆ ಕೋಲೂರಿ ಬಗ್ಗಿದ್ದಳು. ನಲವತ್ತೈದರ ಸಣಕಲು ಹೆಂಗಸು, ಸೀರೆಯ ಮೇಲೆ ಖಾಕಿ ಅಂಗಿ. ಒಂದು ಕಡೆ ಕೇಳಿದಳು. ಎರಡು ಮಾರು ಸರಿದು ಮತ್ತೊಂದು ಕಡೆ ಕೇಳಿದಳು. ಸೈಕಲ್ ಬೆಲ್ ಮಾಡಿದವನಿಗೆ ಕೈಯೆತ್ತಿ ನಿಲ್ಲಿಸಿದಳು. ಆಮೇಲೆ ಹಿಮ್ಮಡಿಯಿಂದ ನೆಲದ ಮೇಲೆ ಒಂದು ಗೀಟು ಎಳೆದು "ಹೂಂ ಕಾಳಯ್ಯ" ಎಂದಳು. ಕಾಳಯ್ಯ ಅಗೆದ. ಇಪ್ಪತ್ತು ನಿಮಿಷದಲ್ಲಿ ಒದ್ದೆ ಮಣ್ಣು, ಅದರಡಿ ಕೂದಲೆಳೆಯಷ್ಟು ಬಿರುಕು. ಎಲ್ಲಿ ಗೀಟು ಎಳೆದಿದ್ದಳೋ ಅಲ್ಲೇ.

ಪಕ್ಕದ ಜಗಲಿಯ ಮೇಲೆ ಕುಳಿತುಕೊಂಡೆ. ನಾನು ಕೂರುವ ರೀತಿಯನ್ನು ಆಕೆ ಗಮನಿಸಿದಳು. ಹತ್ತಿರ ಬಂದು, "ಕೂತ್ರಲ್ಲ, ಸದ್ಯ" ಎಂದಳು.

"ಕೂತೆ. ಚೆಲುವಮ್ಮ, ಬಲ ಸೊಂಟದಲ್ಲಿ ಇಲ್ಲೊಂದು ನೋವಿದೆ. ಇದು ಎಲ್ಲಿಯದು?"

ಆಕೆ ಕೋಲಿನ ತುದಿಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು.

"ಹಿಂದಿನೋರು ಯಾರೂ ಎಲ್ಲಿ ನೋವು ಅಂತ ಕೇಳ್ತಿರ್ಲಿಲ್ಲ. ಎಷ್ಟು ಅಂತ ಅಷ್ಟೇ."

"ನಾನು ಕೇಳ್ತಿದೀನಿ."

"ಮರಳು ಮೇಡಮ್ಮೋರೆ." ತಲೆಯೆತ್ತಿ ನೇರ ನನ್ನ ಮುಖ ನೋಡಿದಳು. "ದೊಡ್ಡ ಟ್ಯಾಂಕಿನ ಮೆಟ್ಲು. ಬೆಳಿಗ್ಗೆ ಕೆಲ್ಸಕ್ಕೆ ಮುಂಚೆ ಒಂದು ಚೀಲ ಮರಳು ಹೊತ್ಕೊಂಡು ಮೇಲಕ್ಕೆ, ಅದನ್ನೇ ಹೊತ್ಕೊಂಡು ಕೆಳಕ್ಕೆ. ಜನವರಿಯಿಂದ. ಟ್ಯಾಂಕು ನಮ್ಮ ಕಚೇರೀದೇ ಅಲ್ವಾ, ಅದಕ್ಕೆ ಲೆಕ್ಕಕ್ಕೆ ಬರ್ತದೆ."

ಎಂಬತ್ತನಾಲ್ಕು ಮೆಟ್ಟಿಲು. ನೀರಿನ ಮಾದರಿ ತರಲು ನಾನೇ ಎಷ್ಟೋ ಸಲ ಹತ್ತಿದ್ದೇನೆ.

"ಯಾರು ಹೇಳಿಕೊಟ್ಟರು ಇದನ್ನ?"

"ಯಾರೂ ಇಲ್ಲ. ಮೆಟ್ಲಡಿ ಹೋಗಿ ನೋಡಿ, ಅಲ್ಲೇ ಐದಾರು ಚೀಲ ಅವೆ. ನಾನು ಸುಮ್ನೆ ಒಂದು ಎತ್ಕೊಂಡೆ. ಒಂದೊಂದು ಅದೆಷ್ಟು ಹಳೇವೋ, ಗೋಣಿಯೇ ಹಪ್ಪಳ ಆಗ್ಬುಟ್ಟದೆ." ಆಮೇಲೆ, ನಾನು ಕೇಳದ ಪ್ರಶ್ನೆಗೆ, "ಹಿಂಗ್ ಮಾಡಬಾರ್ದಿತ್ತು, ಗೊತ್ತು. ಆದ್ರೆ ಒಂದು ಮಾತು ಹೇಳಿ. ದೊರೆಸ್ವಾಮಣ್ಣ ಇಲ್ಲದ ಕಡೆ ನಾಕು ಗುಂಡಿ ತೋಡಿದ್ರೆ ಅದು ಕೆಲ್ಸ. ನಾನು ಬೇಡದ ಮರಳು ಹೊತ್ರೆ ಅದು ಕಳ್ಳತನ. ಏನು ವ್ಯತ್ಯಾಸ ಬಂತು?"

ವ್ಯತ್ಯಾಸವಿತ್ತು, ಒಬ್ಬನಿಗೆ ಅರಿವಿಲ್ಲ, ಒಬ್ಬಳಿಗೆ ಅರಿವಿದೆ. ಆದರೆ ಊರಿನ ನೀರಿನ ಕಡೆಯಿಂದ ನೋಡಿದರೆ ಎರಡೂ ಒಂದೇ. ಮರಳು ಟ್ಯಾಂಕಿನ ಮೇಲೆ ಹೋಗಿ ಕೆಳಗೆ ಬಂತು, ಮಣ್ಣು ಗುಂಡಿಯಿಂದ ಹೊರಗೆ ಬಂದು ಒಳಗೆ ಹೋಯಿತು. ನಾವು ಇಷ್ಟು ವರ್ಷ ಅಷ್ಟೊಂದು ಪ್ರಾಮಾಣಿಕವಾಗಿ ಮೈಮೇಲೆ ಹೊತ್ತು ಅಳೆದದ್ದು ಏನನ್ನು?

ಆಗ ಇನ್ನೊಂದು ನೆನಪಾಯಿತು. ಅರವತ್ತೊಂದು ಸೋರಿಕೆ, ಅರವತ್ತಮೂರು ಗುಂಡಿ. ಹೆಚ್ಚಾದ ಆ ಎರಡು.

"ಜನವರಿ ಇಪ್ಪತ್ತಕ್ಕೆ ಕೆಳಪೇಟೆಯಲ್ಲಿ ಒಂದು, ಫೆಬ್ರವರಿಯಲ್ಲಿ ಆಸ್ಪತ್ರೆ ಮುಂದೆ ಒಂದು. ಎರಡು ಕಡೆ ತಪ್ಪಾಗಿ ತೋಡಿಸಿದ್ದೀರಿ. ಅದಕ್ಕೆ ಮುಂಚೆ ಇಡೀ ವರ್ಷ ಒಂದೂ ಇಲ್ಲ."

ಚೆಲುವಮ್ಮನ ಮುಖ ಬಾಡಿತು. ಇಷ್ಟು ಹೊತ್ತು ಮರಳಿನ ವಿಷಯ ಹೇಳುವಾಗ ಇಲ್ಲದ ನಾಚಿಕೆ ಈಗ ಬಂತು.

"ಏದುಸಿರು ಮೇಡಮ್ಮೋರೆ. ಮೆಟ್ಲಿಳಿದು ಸೀದಾ ಕೆಲ್ಸಕ್ಕೆ ಬಂದ್ರೆ, ಕೋಲಿಗೆ ಕಿವಿ ಕೊಟ್ರೆ ನನ್ನೆದೆ ಬಡಿಯೋದೇ ಕೇಳ್ತದೆ. ನೀರು ಕೇಳಲ್ಲ. ಆಸ್ಪತ್ರೆ ಮುಂದೆ ತಪ್ಪಾದಾಗ ಮನೇಗೆ ಹೋಗಿ ಅತ್ತೆ."

ಕಾಳಯ್ಯ ಗುಂಡಿಯೊಳಗಿಂದ, "ಅವತ್ತು ನಾನು ಅನ್ಕಂಡೆ, ಅವಕ್ಕಂಗೆ ಜ್ವರ ಅಂತ" ಎಂದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

ನಾನು ಹಾಳೆ ಹೊರತೆಗೆದೆ. ಮನಸ್ಸಿಗೆ ಬಂದದ್ದನ್ನು ಹೇಳಿದೆ. ಚೌಕದಲ್ಲಿ 'ಕುಳಿತೆ' ಎಂದು ಬರೆಯುತ್ತೇನೆ, ಅದು ನಿಜ. ಆದರೆ ಅದರ ಕೆಳಗೆ ಇನ್ನೊಂದು ಸಾಲು ಬರೆಯುವ ಆಸೆ ಇದೆ: ಯಾವುದರಿಂದ ಕುಳಿತೆ ಎಂದು. ಹತ್ತೂ ಜನರ ಹಾಳೆಯಲ್ಲಿ ಹಾಗೇ ಬರೆಯುತ್ತೇನೆ. "ಬರೆದರೆ ಮರಳಿನ ವಿಷಯ ಹೊರಗೆ ಬರುತ್ತೆ. ಮೇಲಿನವರು ಏನು ಮಾಡ್ತಾರೋ ನಾನು ಮಾತು ಕೊಡಲಾರೆ. ನೀವು ಬೇಡ ಅಂದ್ರೆ ಒಂದೇ ಮಾತು ಬರೆದು ಕಳಿಸ್ತೀನಿ, ನಿಮ್ಮ ಕೋಲು ನಿಮ್ಮ ಹತ್ರ ಇರುತ್ತೆ."

"ಇದ್ರೆ ಮುಂದಿನ ವರ್ಷಾನೂ ಹೊರಬೇಕಲ್ವಾ?"

"ಹೊರಬೇಕು."

"ಮುಂದಿನ ವರ್ಷ ಇನ್ನೂ ಎರಡು ತಪ್ಪಾಯ್ತದೆ." ಆಕೆ ಕೋಲನ್ನು ಮಡಿಲಿಗೆ ಅಡ್ಡ ಇಟ್ಟುಕೊಂಡಳು. ಬೀದಿಯ ಕೊನೆಯಲ್ಲಿ ಯಾರದೋ ಮನೆಯ ನಲ್ಲಿಗೆ ನೀರು ಬಂದು ಬಿಂದಿಗೆ ತುಂಬುವ ಸದ್ದು. ಆಕೆ ಅದು ತುಂಬುವವರೆಗೂ ಕೇಳಿಸಿಕೊಂಡಳು. "ಬರೀರಿ. ದೊರೆಸ್ವಾಮಣ್ಣನ್ದೂ ಹಂಗೇ ಬರೀಬೇಕು. ಆದ್ರೆ ಅವರಿಗೆ ಅವಮಾನ ಆಗೋ ಹಂಗೆ ಬ್ಯಾಡ. ಅವರು ಕಟ್ಟಿದ ಪೈಪಿನ ಜಾಯಿಂಟು ಒಂದ್ಸಲ ನೋಡಿ, ಆಮೇಲೆ ಬರೀರಿ."

ಜಗಲಿಯ ಮೇಲೆ ಕುಳಿತೇ ಬರೆದೆ: 'ಕುಳಿತೆ. ಮರಳಿನ ಚೀಲದಿಂದ. ಸೋರಿಕೆ ಅರವತ್ತೊಂದು, ಗುಂಡಿ ಅರವತ್ತಮೂರು, ಅವುಗಳಿಂದ ಮಾತ್ರವಾದರೆ ನಿಂತೇ ಇರುತ್ತಿದ್ದೆ.'

ದೊರೆಸ್ವಾಮಿಯ ಜಾಯಿಂಟುಗಳನ್ನು ರಿಜಿಸ್ಟರಿನಲ್ಲಿ ಹುಡುಕಿದೆ. ಆರು ವರ್ಷದಲ್ಲಿ ಅವನು ಮುಚ್ಚಿದ ಜಾಗದಲ್ಲಿ ಒಂದೇ ಒಂದು ಸಲವೂ ಮತ್ತೆ ನೀರು ಸೋರಿರಲಿಲ್ಲ. ಅದನ್ನೂ ಬರೆದು, ಗುಂಡಿಗಳ ಲೆಕ್ಕವನ್ನೂ ಬರೆದು, ಅವನನ್ನು ಕರೆದು ಓದಿ ಹೇಳಿದೆ. ಇನ್ನೂರ ಹನ್ನೆರಡು ಎಂದಾಗ ಅವನು ಬಲಗಿವಿ ಮುಂದೆ ತಂದ. ಎರಡನೆಯ ಸಲ ಹೇಳಿದೆ.

"ನನ್ನ ಕೋಲು ಕಿತ್ಕೋತೀರಾ ಮೇಡಂ?"

"ಅದಕ್ಕಲ್ಲ ದೊರೆಸ್ವಾಮಿ. ಇಷ್ಟೊಂದು ಗುಂಡಿ ಯಾಕಾಗುತ್ತೆ ಅಂತ ತಿಳೀಬೇಕು."

ಅವನು ಬಾಗಿಲಿನ ಕಡೆ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡ. "ಎಡಗಿವಿ ಹೋಗಿ ಆರು ವರ್ಷ ಆಯ್ತು. ಬಲಗಿವೀಲೂ ಸಣ್ಣ ಸದ್ದು ಕೇಳಲ್ಲ. ನಮ್ಮಪ್ಪನೂ ಕೋಲು ಹಿಡಿದೋರು, ಹ್ಯಾಗೆ ಹೇಳ್ಲಿ? ಇಲ್ಲಿರಬಹುದು ಅಂತ ಅಂದಾಜಿನ ಮೇಲೆ ತೋಡ್ತಿದ್ದೆ." ನಾಲ್ಕನೆಯ ದಿನ ಅವನ ದಣಿವೆಲ್ಲ ನನ್ನ ಮೈಯಲ್ಲಿತ್ತು. ಕಿವುಡು ದಣಿವಲ್ಲವಾದ್ದರಿಂದ ಅದೊಂದು ಬಂದಿರಲಿಲ್ಲ.

ಹಾಳೆಗಳು ಅನಂತಯ್ಯನವರ ಮೇಜಿಗೆ ಹೋದವು. ಅನಂತಯ್ಯನವರು ನಮ್ಮ ಕಚೇರಿಯ ಮುಖ್ಯಸ್ಥರು, ನಿವೃತ್ತಿಗೆ ಒಂದು ವರ್ಷ ಬಾಕಿ. ವಾಲ್ವ್ ತಿರುಗಿಸುವ ಕೆಲಸದಿಂದ ಮೇಲೆ ಬಂದವರು, ಹೆಚ್ಚು ಮಾತಿಲ್ಲ. ಹತ್ತನ್ನೂ ಓದಿ ಕನ್ನಡಕ ತೆಗೆದರು.

"ಚೌಕ ಇರೋದು ಒಂದು ಮಾತಿಗೆ, ಇಂದುಮತಿ."

"ಕೆಳಗೆ ಜಾಗ ಇತ್ತು ಸಾರ್."

"ಜಾಗ ಇತ್ತು ಅಂತ ಬರೆಯೋದಾ? ಈಕೆ ಮರಳು ಹೊತ್ತು ಮೋಸ ಮಾಡಿದಾಳೆ ಅಂತ ನೀವೇ ಬರೆದ ಹಾಗಾಯ್ತು. ಮೂರನೇ ವರ್ಷದ 'ನಿಂತಿದ್ದೆ' ಅಂತ ತಿಳ್ಕೊಂಡು ಗೋಡೌನಿಗೆ ಹಾಕಬೇಕಾಗುತ್ತೆ."

"ಹಾಗಾದ್ರೆ ದೊರೆಸ್ವಾಮಿಯ ಬೇಡದ ಗುಂಡಿಗಳನ್ನೂ ಲೆಕ್ಕದಿಂದ ಕಳೀಬೇಕಾಗುತ್ತೆ ಸಾರ್. ಕಳೆದರೆ ಅವರ ಹಾಳೆಯಲ್ಲೂ 'ನಿಂತಿದ್ದೆ' ಅಂತಾನೇ ಬರುತ್ತೆ."

ಅವರು ಹಾಳೆಗಳನ್ನು ಜೋಡಿಸಿಟ್ಟರು. "ನಾಳೆ ನಿಮ್ಮ ದಿನ. ಅದು ಮುಗೀಲಿ, ಆಮೇಲೆ ತೀರ್ಮಾನ."

ವಿಭಾಗದ ಮುಖ್ಯಸ್ಥರ ಹಾಳೆ ಬರೆಯುವವರು ಅವರು. ನಮ್ಮ ದಣಿವಿನ ಜೊತೆಗೆ ಆ ಹತ್ತು ದಿನ ನಾವು ಹೊತ್ತ ಇತರರ ದಣಿವಿನ ಒಂದೊಂದು ಪಾಲೂ ಅವರ ಮೈಗೆ ಹೋಗುತ್ತದೆ. ಹಾಗಾಗಿ ಯಾರ ಕೈಕೆಳಗಿನವರು ಹೆಚ್ಚು ದಣಿದಿರುತ್ತಾರೋ ಆ ಮುಖ್ಯಸ್ಥರಿಗೆ ಒಳ್ಳೆಯ ಮಾತು ಬೀಳುತ್ತದೆ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಅದರ ಅರ್ಥವೇನೆಂದು ಮಾತ್ರ ಆ ರಾತ್ರಿ ಊಟಕ್ಕೆ ಕುಳಿತಾಗ ಮೊದಲ ಸಲ ಹೊಳೆಯಿತು. ನಮ್ಮಲ್ಲಿ ಯಾರಿಗೂ ಕೆಳಗಿನವರ ಬೆನ್ನು ಉಳಿಸುವ ಅಗತ್ಯವೇ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವರ ಕೋಣೆಯ ಬಾಗಿಲು ಮುಚ್ಚಿತ್ತು. ಹನ್ನೊಂದಕ್ಕೆ ಇಣುಕಿದರೆ ಕುರ್ಚಿ ಖಾಲಿ. ಮನೆಗೂ ಹೋಗಿರಲಿಲ್ಲ. ಜವಾನ, "ಸಾಹೇಬ್ರು ಸೊಂಟ ಹಿಡ್ಕೊಂಡು ಟ್ಯಾಂಕಿನ ಕಡೆ ಹೋದ್ರು" ಎಂದ.

ಹೋಗಿ ನೋಡಿದೆ. ಟ್ಯಾಂಕಿನ ಮೊದಲ ಮೆಟ್ಟಿಲ ಮೇಲೆ ಅನಂತಯ್ಯನವರು ಕುಳಿತಿದ್ದರು. ಬಿಳಿಯ ಅಂಗಿಯ ತುಂಬ ಧೂಳು. ಮೆಟ್ಟಿಲಿನ ಅಡಿಯಿಂದ ಮರಳಿನ ಚೀಲಗಳನ್ನು ಒಂದೊಂದಾಗಿ ಎಳೆದು ಹೊರಗೆ ಸಾಲಾಗಿ ಇಟ್ಟಿದ್ದರು. ಆರು ಚೀಲ. ಒಂದರ ಗೋಣಿ ಮುಟ್ಟಿದರೆ ಪುಡಿಯಾಗುವಂತಿತ್ತು, ಬಾಯಿಗೆ ಕಟ್ಟಿದ್ದ ದಾರ ಒಂದು ಕಾಲಕ್ಕೆ ನೀಲಿ ಬಣ್ಣದ್ದು.

"ಬೆಳಿಗ್ಗೆ ಎಲ್ಲ ಬಂತು" ಎಂದರು. "ಭುಜ ಬಂತು, ಅಂಗೈ ಬಂತು, ಎಲ್ಲ ಗೊತ್ತಿರೋವೇ. ಆಮೇಲೆ ಬಲ ಸೊಂಟದಲ್ಲಿ ಇಲ್ಲೊಂದು ಹಿಂಡಿತು ನೋಡಿ. ಮೂವತ್ತೊಂದು ವರ್ಷ ಆಗಿತ್ತು ಅದನ್ನ ಕಂಡು." ಮೇಲಕ್ಕೆ ಬೆರಳು ತೋರಿಸಿದರು. "ಮೂವತ್ತೊಂಬತ್ತನೇ ಮೆಟ್ಲಲ್ಲಿ ಒಂದು ತಿರುವಿದೆ. ಕಂಬಿ ಅಡ್ಡ ಬರುತ್ತೆ. ಚೀಲ ಹೊತ್ಕೊಂಡು ಅಲ್ಲಿ ಸೊಂಟ ತಿರುಗಿಸದೆ ದಾಟೋಕೆ ಆಗಲ್ಲ. ಬೇರೆ ಯಾವ ಕೆಲಸದಲ್ಲೂ ಬರೋ ನೋವಲ್ಲ ಅದು."

ನಾನು ಚೀಲಗಳನ್ನು ನೋಡಿದೆ. "ನೀಲಿ ದಾರದ್ದು..."

"ನಂದೇ. ನಮ್ಮವ್ವನ ಸೀರೆ ಅಂಚು ಹರಿದು ಕಟ್ಟಿದ್ದೆ. ವಾಲ್ವ್ ತಿರುಗಿಸೋದು ನನಗೆ ಹೂ ಎತ್ತಿದ ಹಾಗೆ ಬರ್ತಿತ್ತು. ಆಗಿನ ಸಾಹೇಬ್ರು ಎರಡು ವರ್ಷ ನಿಂತೇಬಿಟ್ರು. ಮೂರ್ನೇ ವರ್ಷ ಮರಳು ಹೊತ್ತೆ, ಕೂತ್ರು." ಅಂಗಿಯ ಧೂಳು ಕೊಡವಿಕೊಂಡು, "ಆಮೇಲೆ ನಾನೇ ಎಷ್ಟು ಜನರನ್ನ ಗೋಡೌನಿಗೆ ಕಳಿಸಿದೀನೋ. ಒಬ್ಬರಿಗೂ ಎಲ್ಲಿ ನೋವು ಅಂತ ಕೇಳಲಿಲ್ಲ. ಕೇಳಿದ್ರೆ ನನ್ನದು ಹೊರಗೆ ಬೀಳುತ್ತಿತ್ತು" ಎಂದರು.

ಜೇಬಿನಿಂದ ನನ್ನ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಬರೆದು ನನ್ನ ಕೈಗೆ ಕೊಟ್ಟರು. 'ಕುಳಿತೆ. ಹನ್ನೊಂದು ಜನರ ದಣಿವಿನಿಂದ. ಅದರಲ್ಲಿ ಬಲ ಸೊಂಟದ್ದು ನನಗೆ ಮೊದಲೇ ಪರಿಚಯ.' ಎರಡನೆಯ ಸಾಲು ಚೌಕದ ಹೊರಗೆ ಓರೆಯಾಗಿ ಇಳಿದಿತ್ತು.

"ಕೋಲು ಚೆಲುವಮ್ಮನ ಹತ್ರಾನೇ ಇರಲಿ. ಮೇಲಿನ ಕಮಿಟಿಯವರು ಕೇಳಿದ್ರೆ ನನ್ನ ಹಾಳೆ ತೋರಿಸ್ತೀನಿ, ಇನ್ನೊಂದು ವರ್ಷಕ್ಕೆ ನನ್ನನ್ನೇನು ಮಾಡ್ತಾರೆ. ದೊರೆಸ್ವಾಮಿಗೆ ಜಾಯಿಂಟು ಕಟ್ಟೋ ಕೆಲಸ ಕೊಡಿ, ಅವನ ಕೋಲಿಗೆ ಕಿವಿ ಇರೋರನ್ನ ಹುಡುಕಿ." ಎದ್ದು ನಿಲ್ಲಲು ನೋಡಿ ಮತ್ತೆ ಕುಳಿತರು. "ಈ ಚೀಲ ಮಾತ್ರ ಇಲ್ಲಿರಬಾರದು."

ಪೈಪು ಕೂರಿಸುವಾಗ ಗುಂಡಿಯ ತಳಕ್ಕೆ ಮರಳು ಹಾಸಬೇಕು, ಇಲ್ಲದಿದ್ದರೆ ಕಲ್ಲು ಒತ್ತಿ ಮತ್ತೆ ಬಿರುಕು ಬಿಡುತ್ತದೆ. ಅಂದು ಮಧ್ಯಾಹ್ನ ಮೇಲುಬೀದಿಯಲ್ಲಿ ಉದ್ದಕ್ಕೆ ಒಂದು ಹೊಸ ಪೈಪು ಹಾಕುವುದಿತ್ತು. ಕಾಳಯ್ಯ ತಳ್ಳುಗಾಡಿ ತಂದ. ಮೇಲುಬೀದಿ ಕಡಿದಾದ ಏರು. ದೊರೆಸ್ವಾಮಿ ಮುಂದೆ ಎಳೆದ, ನಾನೂ ಚೆಲುವಮ್ಮನೂ ಹಿಂದಿನಿಂದ ತಳ್ಳಿದೆವು. ಅನಂತಯ್ಯನವರು ಬೇಡವೆಂದರೂ ಕೇಳದೆ ಗಾಡಿಗೆ ಒಂದು ಕೈ ಕೊಟ್ಟುಕೊಂಡು ಬಂದರು.

"ಸಾಹೇಬ್ರೆ, ನೀವು ಗಾಡಿ ತಳ್ತಿದ್ದೀರೋ, ಗಾಡಿ ನಿಮ್ಮನ್ನ ಎಳೀತಾ ಇದ್ಯೋ?" ಎಂದ ಕಾಳಯ್ಯ.

"ಮುಂದಿನ ಮಾರ್ಚಿಗೆ ಬಾ, ಹೇಳ್ತೀನಿ."

ಅರ್ಜಿಯನ್ನು ವಾಪಸ್ ತೆಗೆದುಕೊಳ್ಳುತ್ತೀಯಾ ಎಂದು ನಾನು ಕಾಳಯ್ಯನನ್ನು ಕೇಳಿದೆ. "ಎರಡ್ನೇ ಸಾಲಿನಲ್ಲಿ ನನಗೇನು ಬರೆದಿದ್ದೀರಿ, ಅದನ್ನು ಮೊದ್ಲು ಓದಿ" ಎಂದ.

ಆರು ಚೀಲದ ಮರಳನ್ನೂ ಗುಂಡಿಯ ತಳಕ್ಕೆ ಸುರಿದೆವು. ನೀಲಿ ದಾರವನ್ನು ಅನಂತಯ್ಯನವರು ಜೇಬಿಗೆ ಹಾಕಿಕೊಂಡರು. ಪೈಪು ಇಳಿಸಿ, ದೊರೆಸ್ವಾಮಿ ಜಾಯಿಂಟು ಕಟ್ಟಿ, ನೀರು ಬಿಡಿಸಿ ಆಯಿತು. ಇನ್ನು ಎಲ್ಲಾದರೂ ಸೋರುತ್ತಿದೆಯೇ ಎಂದು ಕೇಳಿ ನೋಡಬೇಕು. ಎಲ್ಲರೂ ಚೆಲುವಮ್ಮನ ಕಡೆ ತಿರುಗಿದೆವು. ಆಕೆ ಕೋಲೂರಿದಳು, ಬಗ್ಗಿದಳು, ಮತ್ತೆ ಎದ್ದು ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಏದುಸಿರಿದೆ. ಈಗ ಕೇಳಲ್ಲ" ಎಂದಳು. "ಉಸಿರು ತಣ್ಣಗಾಗ್ಲಿ. ಅಲ್ಲೀವರ್ಗೆ ಎಲ್ಲಾರೂ ಕೂತ್ಕಳಿ."

ರಸ್ತೆಯ ಬದಿಯಲ್ಲಿ, ಖಾಲಿ ಗೋಣಿಗಳ ಮೇಲೆ, ನಾವು ಐದೂ ಜನ ಕುಳಿತೆವು.